ಅಟ್ಟದ ಮೇಲಿನ ಹಾರ್ಡ್ ಡಿಸ್ಕಿನಲ್ಲಿ 2010ರ ಬಿಟ್‌ಕಾಯಿನ್ ಇರಬಹುದಾ?

ಪ್ರಶ್ನೆ: ಸರ್, ನನ್ನ ತಮ್ಮ 2010ರಲ್ಲಿ ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಹಾಸ್ಟೆಲ್ ರೂಮಿನ ಕಂಪ್ಯೂಟರಿನಲ್ಲಿ ಕೆಲವು ವಾರ ಬಿಟ್‌ಕಾಯಿನ್ ಮೈನಿಂಗ್ ಮಾಡಿದ್ದನಂತೆ. ಆಮೇಲೆ ಮರೆತೇಬಿಟ್ಟ. ಈಗ ಅವನು ದುಬೈಯಲ್ಲಿದ್ದಾನೆ, ಹಾರ್ಡ್ ಡಿಸ್ಕ್ ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿದೆ. ಪರಿಚಯದ ಒಬ್ಬರು "ಡಿಸ್ಕ್ ಕೊಡಿ, ನಾನು ತೆಗೆದುಕೊಡ್ತೇನೆ, ಅರ್ಧ ಪಾಲು ಸಾಕು" ಅನ್ನುತ್ತಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಅವರು ಎಷ್ಟೇ ಹತ್ತಿರದವರಾಗಿರಲಿ, ಕೊಡಬೇಡಿ.

ಬಿಟ್‌ಕಾಯಿನ್ ಅಂದರೆ ಇಂಟರ್ನೆಟ್ಟಿನಲ್ಲೇ ಓಡಾಡುವ ನಾಣ್ಯ. ಅದನ್ನು ಖರ್ಚು ಮಾಡುವ ಗುಟ್ಟಿನ ಕೀ ಇಡುವ ಜಾಗಕ್ಕೆ ವಾಲೆಟ್ ಅನ್ನುತ್ತಾರೆ, 2010ರಲ್ಲಿ ಅದು ಕಂಪ್ಯೂಟರಿನೊಳಗಿನ ಒಂದು ಸಣ್ಣ ಫೈಲ್, ಅಷ್ಟೇ. 'ವಾಲೆಟ್ ಡಾಟ್ ಡ್ಯಾಟ್' ಅಂತ ಅದರ ಹೆಸರು. ಅದಕ್ಕೆ ಪಾಸ್‌ವರ್ಡ್ ಹಾಕುವ ವ್ಯವಸ್ಥೆ ಬಂದದ್ದೇ 2011ರ ಸೆಪ್ಟೆಂಬರಿನಲ್ಲಿ. ಅಂದರೆ ನಿಮ್ಮ ತಮ್ಮನ ಫೈಲಿಗೆ ಬೀಗವೇ ಇಲ್ಲದಿರಬಹುದು, ಅದರ ಕಾಪಿ ಯಾರ ಕೈಗೆ ಹೋಯಿತೋ ದುಡ್ಡೂ ಅವರದ್ದೇ. ನಾಳೆ ಅವರು "ಏನೂ ಸಿಗಲಿಲ್ಲ" ಅಂತ ಡಿಸ್ಕ್ ವಾಪಸ್ ತಂದರೆ ಅದು ನಿಜವೋ ಸುಳ್ಳೋ ನಿಮಗೆ ಗೊತ್ತಾಗುವುದು ಹೇಗೆ?

ನಮ್ಮ ಕಡೆಯವರಿಗೆ ಇದು ಒಗ್ಗುವುದು ಕಷ್ಟ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರು ಮಾಡಿದ ಊರು ನಮ್ಮದು. ಪಾಸ್‌ಬುಕ್ ಕಳೆದುಹೋದರೆ ಮ್ಯಾನೇಜರ್ ಹತ್ತಿರ ಹೋದರಾಯಿತು, ಮುಖ ನೋಡಿಯೇ ಗುರುತು ಹಿಡಿಯುತ್ತಾರೆ. ಬಿಟ್‌ಕಾಯಿನ್‌ಗೆ ಆ ಮ್ಯಾನೇಜರೇ ಇಲ್ಲ. ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರಿನಲ್ಲಿ ಈ ಯೋಜನೆ ಬರೆದವರು, ನಡುವೆ ಬ್ಯಾಂಕ್ ಇರಬಾರದು ಅಂತಲೇ ಇದನ್ನು ಕಟ್ಟಿದ್ದು. ಫೈಲ್ ಹೋದರೆ ದೂರು ಕೊಡಲೂ ಕೌಂಟರ್ ಇಲ್ಲ.

ತಮ್ಮನನ್ನು ಬೈಯಬೇಡಿ. ಆಗ ಮರೆಯುವುದೇ ಸಹಜ ಆಗಿತ್ತು. ಬಿಟ್‌ಕಾಯಿನ್ ಜಾಲ ಶುರುವಾದದ್ದು 2009ರ ಜನವರಿ 3ಕ್ಕೆ, 12ನೇ ತಾರೀಖು ಹಾಲ್ ಫಿನ್ನಿ ಎಂಬ ಪ್ರೋಗ್ರಾಮರ್‌ಗೆ ಸತೋಶಿ 10 ನಾಣ್ಯ ಕಳಿಸಿದರು. 2010ರ ಮೇ 22ರಂದು ಫ್ಲೋರಿಡಾದ ಲಾಸ್ಲೊ ಹನ್ಯೆಟ್ಸ್ ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟರು. ಅದೇ ವರ್ಷ ಒಂದು ವೆಬ್‌ಸೈಟ್ ಬಂದವರಿಗೆಲ್ಲ 5 ನಾಣ್ಯ ಪುಕ್ಕಟೆ ಹಂಚುತ್ತಿತ್ತು! ಅವರೆಲ್ಲ ದುಡ್ಡಿಗಾಗಿ ಮಾಡಿದವರಲ್ಲ, ಇದು ನಡೆಯುತ್ತದಾ ಅಂತ ಕುತೂಹಲಕ್ಕೆ ಮಾಡಿದವರು, ನಿಮ್ಮ ತಮ್ಮನೂ ಹಾಗೇ ಇರಬೇಕು. ಅಂಥವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಆದರೆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಮೈನಿಂಗ್ ಅಂದರೆ ಕಂಪ್ಯೂಟರುಗಳ ನಡುವಿನ ಒಂದು ಲೆಕ್ಕದ ಸ್ಪರ್ಧೆ. ಆಗ ಸುಮಾರು 10 ನಿಮಿಷಕ್ಕೊಮ್ಮೆ ಗೆದ್ದ ಒಬ್ಬರಿಗೆ 50 ನಾಣ್ಯ ಸಿಗುತ್ತಿತ್ತು, ಉಳಿದವರಿಗೆ ಏನೂ ಇಲ್ಲ. 2010ರ ಆರಂಭದಲ್ಲಿ ಸಾಮಾನ್ಯ ಕಂಪ್ಯೂಟರಿಗೂ ಸಿಗುವ ಅವಕಾಶ ಇತ್ತು, ವರ್ಷದ ಕೊನೆಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದವರ ಎದುರು ಅದು ನಡೆಯುತ್ತಿರಲಿಲ್ಲ. ಹಾಗಾಗಿ ಇವತ್ತೇ ಫೋನ್ ಮಾಡಿ ಯಾವ ತಿಂಗಳು ಅಂತ ಕೇಳಿ. ಆಮೇಲೆ ಆ ಡಿಸ್ಕ್ ಫಾರ್ಮ್ಯಾಟ್ ಮಾಡಿದ್ದನಾ ಅಂತಲೂ ಕೇಳಿ.

ಡಿಸ್ಕಿನ ವಿಷಯ. ಇಷ್ಟು ವರ್ಷ ನಮ್ಮ ಮಳೆಗಾಲದ ತೇವ, ಉಪ್ಪು ಗಾಳಿ ತಿಂದಿದೆ, ಆಸೆಯಿಂದ ನೇರ ಕಂಪ್ಯೂಟರಿಗೆ ಸಿಕ್ಕಿಸಬೇಡಿ. ಒಣ ಜಾಗದಲ್ಲಿಡಿ. ಆನ್ ಮಾಡಿದಾಗ ಟಕ್ ಟಕ್ ಅಂತ ಸದ್ದು ಬಂದರೆ ತಕ್ಷಣ ಆಫ್ ಮಾಡಿ, ಅದು ನಿಜಕ್ಕೂ ಡೇಟಾ ರಿಕವರಿಯವರ ಕೆಲಸ, ನಿಮ್ಮ ತಮ್ಮನೇ ಎದುರಿಗೆ ಕುಳಿತು ಮಾಡಿಸಲಿ. ಸದ್ದಿಲ್ಲದಿದ್ದರೆ ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಮೊದಲು ಇಡೀ ಡಿಸ್ಕಿನ ಕಾಪಿ ತೆಗೆದು, ಆ ಕಾಪಿಯಲ್ಲಿ ಫೈಲ್ ಹುಡುಕಬೇಕು. ಸಿಕ್ಕಿದರೆ ಅದರ ವಿಳಾಸದಲ್ಲಿ, ಅಂದರೆ ಖಾತೆ ನಂಬರಿನಂಥದ್ದರಲ್ಲಿ, ಎಷ್ಟಿದೆ ಅಂತ ಯಾರು ಬೇಕಾದರೂ ನೋಡಬಹುದು, ತೊಂದರೆ ಇಲ್ಲ. ಪ್ರೈವೇಟ್ ಕೀ, ಅಂದರೆ ನಾಣ್ಯ ಖರ್ಚು ಮಾಡುವ ಆ ಗುಟ್ಟಿನ ಕೀ ಮಾತ್ರ ಯಾರಿಗೂ ತೋರಿಸಬಾರದು, ನನಗೂ ಕಳಿಸಬೇಡಿ.

ನಾಣ್ಯ ಇದ್ದರೆ ಮಾರುವ ಮೊದಲು ಒಬ್ಬ ಸಿಎಯನ್ನು ಕಾಣಿ, 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ ಇದೆ, ತಮ್ಮ ದುಬೈಯಲ್ಲಿ ಇರುವುದರಿಂದ ಲೆಕ್ಕ ಬೇರೆಯೂ ಆಗಬಹುದು. ಅವನು ರಜೆಗೆ ಬರುವ ತನಕ ಡಿಸ್ಕ್ ನಿಮ್ಮ ಗೋದ್ರೇಜಿನೊಳಗೇ ಇರಲಿ.