ಲಿಂಕ್ಸ್ ಗಾಲ್ಫ್ ಮೈದಾನದಲ್ಲಿ ಆಡುವುದು ಯಾಕೆ ಅಷ್ಟು ಕಷ್ಟ?

ಮಲ್ಪೆಯ ಮರಳಲ್ಲಿ ಸಂಜೆ ಹೊತ್ತು ಚೆಂಡಾಡಿದವರಿಗೆ ಅರ್ಧ ಉತ್ತರ ಗೊತ್ತೇ ಇರುತ್ತದೆ: ಗಾಳಿ.

ಕಡಲಿಗೂ ಹೊಲಗಳಿಗೂ ನಡುವಿನ ಮರಳುದಿಬ್ಬದ ನೆಲಕ್ಕೆ ಸ್ಕಾಟ್ಲೆಂಡಿನಲ್ಲಿ ಲಿಂಕ್ಸ್ ಎನ್ನುತ್ತಾರೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನ ಇಂಥದ್ದೇ. ಗಾಳಿ ತಡೆಯಲು ಮರಗಳಿಲ್ಲ. ಎತ್ತರಕ್ಕೆ ಹೊಡೆದ ಚೆಂಡು ಎಲ್ಲೋ ಹೋಗಿ ಬೀಳುತ್ತದೆ. ಮರಳಿನಡಿ ನೀರು ಬೇಗ ಇಂಗುವುದರಿಂದ ನೆಲ ಗಟ್ಟಿ, ಹುಲ್ಲು ಗಿಡ್ಡ. ಬಿದ್ದ ಚೆಂಡು ನಿಲ್ಲದೆ ಓಡುತ್ತದೆ, ಸಣ್ಣ ಉಬ್ಬು ಸಿಕ್ಕರೂ ದಾರಿ ಬದಲಿಸುತ್ತದೆ.

ನಿಜವಾದ ಸಂಕಟ ಪಾಟ್ ಬಂಕರ್‌ಗಳದ್ದು. ಇವು ಸಣ್ಣ ಬಾವಿಯಂಥ ಮರಳುಗುಂಡಿಗಳು. ಹುಲ್ಲುಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆ ಕೆಲವೆಡೆ ಆಳೆತ್ತರ. ಗೋಡೆಗೆ ಅಂಟಿಕೊಂಡು ಚೆಂಡು ನಿಂತರೆ ಮುಂದಕ್ಕೆ ಹೊಡೆಯುವ ಹಟ ಬೇಡ, ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಬನ್ನಿ. ಒಂದು ಹೊಡೆತ ಹೋದರೂ ಅದೇ ಲಾಭ.

ನಮ್ಮ ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನದಲ್ಲಿ ಕಲಿತು ಅಲ್ಲಿಗೆ ಹೋಗುವವರು ಮೊದಲು ತಗ್ಗು ಹೊಡೆತ ರೂಢಿಸಿಕೊಳ್ಳಿ: ಚೆಂಡನ್ನು ಹಿಂದಿನ ಕಾಲಿನ ಕಡೆಗಿಟ್ಟು, 7ನೇ ಐರನ್ (ಲೋಹದ ತಲೆಯ ಗಾಲ್ಫ್ ಕೋಲು) ಹಿಡಿದು, ಹೊಡೆದ ಮೇಲೆ ಕೈಯನ್ನು ಸೊಂಟದ ಮಟ್ಟದಲ್ಲೇ ನಿಲ್ಲಿಸಿ. ಎದುರುಗಾಳಿಗೆ ಜೋರಾಗಿ ಬೀಸಿದಷ್ಟೂ ಚೆಂಡು ಮೇಲೇರುತ್ತದೆ. ಮೆಲ್ಲಗೆ ಬೀಸಿ.