ಕೃಷಿಯಂತ್ರ ಪ್ರಶ್ನೋತ್ತರ: ಸ್ಟೇರಿಂಗ್ ಬಾಕ್ಸ್ ಬಿಚ್ಚುವ ಮೊದಲು

ಪ್ರಶ್ನೆ: ದೀಪಾವಳಿಯ ಬಳಿಕ ಬ್ರಹ್ಮಾವರದ ಕಡೆಯಿಂದ ಹಳೆಯ ಮಿನಿ ಟ್ರ್ಯಾಕ್ಟರ್ ಒಂದನ್ನು ಕೊಂಡಿದ್ದೇನೆ. ಅದು ಟೂ ವೀಲ್ ಡ್ರೈವ್, ಪವರ್ ಸ್ಟೇರಿಂಗ್ ಇಲ್ಲ. ಮೊದಲಿನವರು ಗದ್ದೆಯ ಕೆಸರು ಉಳುಮೆಗೆ ಬಳಸುತ್ತಿದ್ದರು; ನಾನು ಅಡಿಕೆ ತೋಟದೊಳಗೆ ಗೊಬ್ಬರ, ಸೋಗೆ ಸಾಗಿಸಲು ಬಳಸುತ್ತಿದ್ದೇನೆ. ಸ್ಟೇರಿಂಗನ್ನು ಸುಮಾರು ಒಂದು ಗೇಣು ತಿರುಗಿಸಿದ ಮೇಲಷ್ಟೇ ಮುಂದಿನ ಚಕ್ರಗಳು ತಿರುಗುತ್ತವೆ. ಡಾಂಬರು ರಸ್ತೆಯಲ್ಲಿ ತುಸು ವೇಗ ಕೊಟ್ಟರೆ ಮುಂಭಾಗ ನಡುಗುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಸ್ಟೇರಿಂಗ್ ಬಾಕ್ಸನ್ನೇ ಬದಲಿಸಬೇಕೆಂದು ಗ್ಯಾರೇಜಿನವರು ಹೇಳುತ್ತಾರೆ. ಬೇರೆ ದಾರಿ ಇದೆಯೇ?
– ಓದುಗರು, ಹೆಬ್ರಿ

ಉತ್ತರ: ಬಾಕ್ಸ್, ಅಂದರೆ ಸ್ಟೇರಿಂಗ್ ಕಂಬದ ಬುಡದಲ್ಲಿರುವ ಗೇರುಗಳ ಪೆಟ್ಟಿಗೆ, ಕೆಟ್ಟಿರಲೂಬಹುದು, ಆದರೆ ತಾವು ಬರೆದಿರುವ ಲಕ್ಷಣಗಳಿಂದ ಮಾತ್ರ ಹಾಗೆ ತೀರ್ಮಾನಿಸಲು ಬರುವುದಿಲ್ಲ. ಸಣ್ಣ ಟ್ರ್ಯಾಕ್ಟರುಗಳ ಕೈಪಿಡಿಗಳು ಸಾಮಾನ್ಯವಾಗಿ ಸ್ಟೇರಿಂಗ್ ಚಕ್ರದ ಅಂಚಿನಲ್ಲಿ 20ರಿಂದ 50 ಮಿ.ಮೀ.ವರೆಗಿನ ಸಡಿಲವನ್ನು ಒಪ್ಪುತ್ತವೆ. ಒಂದು ಗೇಣು ಎಂದರೆ ಆ ಮೇಲ್ಮಿತಿಯ ಸುಮಾರು ನಾಲ್ಕು ಪಟ್ಟು. ಇಷ್ಟೊಂದು ಸಡಿಲ ಒಂದೇ ಭಾಗದಿಂದ ಬರುವುದು ಕಡಿಮೆ. ಮೂರು ನಾಲ್ಕು ಕೀಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸವೆದದ್ದು ಒಟ್ಟು ಸೇರಿ ಕೈಗೆ ಹೀಗೆ ತಿಳಿಯುತ್ತದೆ.

ಮೊದಲು ಮುಂದಿನ ಎರಡೂ ಟೈರುಗಳ ಗಾಳಿಯನ್ನು ಕೈಪಿಡಿ ಹೇಳಿದಷ್ಟಕ್ಕೆ ತಂದು, ಗಾಡಿಯನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ. ಮುಂದಿನ ಚಕ್ರಗಳು ನೆಲದ ಮೇಲೆಯೇ ಇರಲಿ, ಏಕೆಂದರೆ ಭಾರ ಬಿದ್ದಾಗಲೇ ಸವೆತ ಕಾಣುವುದು. ಮನೆಯವರೊಬ್ಬರನ್ನು ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಲು ಹೇಳಿ. ತಾವು ಕೆಳಗೆ ಕುಳಿತು ಬಾಕ್ಸಿನಿಂದ ಹೊರಬರುವ ಡ್ರಾಪ್ ಆರ್ಮ್ ಎಂಬ ತೋಳು, ಅದಕ್ಕೆ ಸೇರಿದ ಡ್ರ್ಯಾಗ್ ಲಿಂಕ್ ಎಂಬ ಸರಳು, ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್, ಕೊನೆಗೆ ಚಕ್ರದ ಆರ್ಮ್ – ಇದೇ ಕ್ರಮದಲ್ಲಿ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡುತ್ತ ಹೋಗಿ. ಒಂದು ತುಂಡು ಅಲ್ಲಾಡಿ ಅದರ ಮುಂದಿನದು ಸುಮ್ಮನಿದ್ದರೆ, ಅವೆರಡರ ನಡುವಿನ ಬಾಲ್ ಜಾಯಿಂಟ್ (ಗುಂಡು ಕೀಲು) ಸವೆದು ಹೋಗಿದೆ ಎಂದು ತಿಳಿಯಬೇಕು. ಸ್ಟೇರಿಂಗ್ ತಿರುಗಿಸಿದ ಕೂಡಲೇ ಡ್ರಾಪ್ ಆರ್ಮ್ ಚಲಿಸಿದರೆ ಬಾಕ್ಸ್ ನಿರಪರಾಧಿ. ಸ್ಟೇರಿಂಗ್ ಗೇಣುದ್ದ ತಿರುಗಿದರೂ ಡ್ರಾಪ್ ಆರ್ಮ್ ಅಲುಗದಿದ್ದರೆ ಮಾತ್ರ ಗ್ಯಾರೇಜಿನವರ ಮಾತಿಗೆ ಆಧಾರವಿದೆ. ಆಗಲೂ ಮೇಲಿನ ಶಾಫ್ಟಿನ ಜೋಡಣೆ ಸಡಿಲವಾಗಿಲ್ಲವೇ ಎಂದು ನೋಡಿಕೊಳ್ಳಿ.

ಬಳಿಕ ಹಿಂದಿನ ಚಕ್ರಗಳಿಗೆ ತಡೆ ಕೊಟ್ಟು, ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಗಟ್ಟಿ ಮರದ ದಿಮ್ಮಿ ಇಲ್ಲವೇ ಸ್ಟ್ಯಾಂಡ್ ಕೊಡಿ. ನಮ್ಮ ಕಡೆ ಕೈಗೆ ಮೊದಲು ಸಿಗುವುದು ಮುರಕಲ್ಲು (ಜಂಬಿಟ್ಟಿಗೆ). ಅದು ಭಾರಕ್ಕೆ ಹೇಳದೆ ಕೇಳದೆ ಒಡೆಯುತ್ತದೆ, ಬೇಡ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಹಬ್ ಮಾತ್ರ ಅಲುಗಿದರೆ ಅದರ ಬೇರಿಂಗ್, ಹಬ್ಬಿನೊಂದಿಗೆ ಅದನ್ನು ಹೊತ್ತ ಗಿಡ್ಡ ಅಚ್ಚಾದ ಸ್ಟಬ್ ಆಕ್ಸಲ್ಲೂ ಅಲುಗಿದರೆ, ಅದು ತಿರುಗುವ ಕಿಂಗ್ ಪಿನ್ನಿನ ಬುಶ್ (ಒಳಬಳೆ) ಸವೆದಿದೆ. ಆಕ್ಸಲಿನ ನಡುವೆ, ಅದು ತೂಗುವ ಸೆಂಟರ್ ಪಿನ್ ಇರುವ ಕಡೆ, ಕಬ್ಬಿಣದ ಹಾರೆಯಿಂದ ಮೀಟಿ ನೋಡಿ. ಈ ಪಿನ್ನನ್ನು ಪರೀಕ್ಷಿಸುವವರು ಕಡಿಮೆ, ಆದರೆ ಅದು ಸವೆದ ಗಾಡಿ ಹೊಸ ಬಾಕ್ಸ್ ಹಾಕಿದರೂ ಅಡ್ಡಾದಿಡ್ಡಿಯಾಗಿಯೇ ಹೋಗುತ್ತದೆ.

ಕೆಸರಿನಲ್ಲಿ ದುಡಿದ ಗಾಡಿ ಎಂಬ ಮಾತು ತಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿತು. ಗದ್ದೆಯ ಮಣ್ಣು ಒಣಗಿ, ಗ್ರೀಸು ತುಂಬಿಸುವ ಸಣ್ಣ ಮೂತಿಗಳಾದ ಗ್ರೀಸ್ ನಿಪ್ಪಲ್‌ಗಳ ಬಾಯಿ ಕಟ್ಟುತ್ತದೆ. ಗ್ರೀಸ್ ಗನ್ ಒತ್ತಿದಾಗ ಗ್ರೀಸು ಒಳಗೆ ಹೋಗದೆ ಸುತ್ತಲಿಂದ ಹಿಂದೆ ಬರುತ್ತದೆ, ಒತ್ತಿದವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನಿಪ್ಪಲ್ ಬಿಚ್ಚಿ, ರಂಧ್ರವನ್ನು ತಂತಿಯಿಂದ ಬಿಡಿಸಿ, ಹೊಸದನ್ನು ಹಾಕಿ, ಒಳಗಿನ ಕಪ್ಪು ಗ್ರೀಸು ಹೊರಬಂದು ಹೊಸ ಗ್ರೀಸು ಕಾಣುವವರೆಗೆ ತುಂಬಿಸಬೇಕು. ಸವೆದ ಬುಶ್ ಇದರಿಂದ ಸರಿಹೋಗುವುದಿಲ್ಲ, ಆದರೆ ಹೊಸ ಬುಶ್ ಹಾಕಿದ ಮೇಲೆ ಈ ಕೆಲಸ ಮಾಡದಿದ್ದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಕಥೆ.

ನಡುಕಕ್ಕೆ ಈ ಸಡಿಲಗಳ ಜೊತೆಗೆ ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ತುಸು ಒಳಕ್ಕೆ ವಾಲಿರುವ ಹೊಂದಿಕೆ) ತಪ್ಪಿರುವುದೂ ಕಾರಣವಿರಬಹುದು. ಚಕ್ರಗಳನ್ನು ನೇರವಾಗಿಟ್ಟು, ಎರಡೂ ಟೈರುಗಳ ಮುಂಭಾಗದ ನಡುಗೆರೆಯಲ್ಲಿ, ಹಬ್ಬಿನ ಎತ್ತರಕ್ಕೆ ಸುಣ್ಣದಿಂದ ಗುರುತು ಹಾಕಿ ಅಂತರ ಅಳೆಯಿರಿ. ಚಕ್ರ ಅರ್ಧ ಸುತ್ತು ಉರುಳುವಷ್ಟು ಗಾಡಿಯನ್ನು ಮುಂದೆ ತಳ್ಳಿ, ಅವೇ ಗುರುತುಗಳು ಹಿಂದಕ್ಕೆ ಬಂದಾಗ ಮತ್ತೆ ಅಳೆಯಿರಿ. ಇಂಥ ಗಾಡಿಗಳಲ್ಲಿ ಮುಂದಿನ ಅಳತೆ ಕೆಲವೇ ಮಿಲಿಮೀಟರ್ ಕಡಿಮೆ ಇರಬೇಕು. ನಿಖರವಾದ ಅಂಕಿ ಕೈಪಿಡಿಯಲ್ಲಿರುತ್ತದೆ. ಸವೆದ ಜಾಯಿಂಟ್ ಬದಲಿಸುವ ಮೊದಲು ಟೋ-ಇನ್ ಹೊಂದಿಸುವುದು ವ್ಯರ್ಥ.

ಎಡಕ್ಕೆ ಎಳೆಯುವುದಕ್ಕೆ ಎಡ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಸಾಕು. ಅದು ಸರಿಯಿದ್ದರೆ, ಬ್ರೇಕ್ ಒತ್ತದೆ ಸ್ವಲ್ಪ ದೂರ ಓಡಿಸಿ ಬಂದು ಹಿಂದಿನ ಎರಡೂ ಬದಿಯ ಬ್ರೇಕ್ ಭಾಗವನ್ನು ಮುಟ್ಟಿ ನೋಡಿ. ಎಡಬದಿ ಹೆಚ್ಚು ಬಿಸಿಯಾಗಿದ್ದರೆ ಆ ಬ್ರೇಕ್ ಹಿಡಿದುಕೊಂಡೇ ಇದೆ.

ಬಾಕ್ಸಿನ ಹೊಂದಿಕೆ ಸ್ಕ್ರೂ ಬಿಗಿದು ಸಡಿಲ ತೆಗೆಯುತ್ತೇನೆ ಎನ್ನುವವರಿದ್ದಾರೆ. ಗೇರುಗಳು ಹೆಚ್ಚು ಸವೆಯುವುದು ನೇರ ಓಡಾಟದ ಜಾಗದಲ್ಲಿ. ಅಲ್ಲಿಗೆ ತಕ್ಕಂತೆ ಬಿಗಿದರೆ ಪೂರ್ತಿ ತಿರುಗಿಸುವಾಗ ಹಿಡಿಯುತ್ತದೆ, ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಕೈಕೊಡುತ್ತದೆ. ಡ್ರಾಪ್ ಆರ್ಮಿಗಾಗಲಿ ಬಾಲ್ ಜಾಯಿಂಟಿಗಾಗಲಿ ವೆಲ್ಡಿಂಗ್ ಮಾಡಿಸಲೇಬೇಡಿ. ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಜಾಗದಲ್ಲಿ ಮೊಳೆ, ಕಟ್ಟುತಂತಿ ಕಂಡರೆ ಅಂದೇ ತೆಗೆದು ಹೊಸ ಪಿನ್ ಹಾಕಿ. ಇವೆಲ್ಲ ಮುಗಿಯುವವರೆಗೆ ಟ್ರೈಲರ್ ಕಟ್ಟಿಕೊಂಡು ಸೋಮೇಶ್ವರದ ಕಡೆಯ ಇಳಿಜಾರಿಗೆ ಹೋಗುವುದು ಬೇಡ.

ಪ್ರಶ್ನೆ: ನಮ್ಮದು ಪವರ್ ಸ್ಟೇರಿಂಗ್ ಇರುವ ಸಣ್ಣ ಟ್ರ್ಯಾಕ್ಟರ್. ಈ ಮಳೆಗಾಲದಿಂದ ತಿರುಗಿಸುವಾಗ ನರಳುವ ಸದ್ದು, ನಡುನಡುವೆ ಸ್ಟೇರಿಂಗ್ ಗಟ್ಟಿ.
– ಓದುಗರು, ಮೂಡುಬಿದಿರೆ

ಉತ್ತರ: ಎಣ್ಣೆಯ ಮಟ್ಟ ನೋಡಿ, ಕೆಲವು ಮಾದರಿಗಳಲ್ಲಿ ಸ್ಟೇರಿಂಗಿಗೆ ಪ್ರತ್ಯೇಕ ಡಬ್ಬಿ ಇರುತ್ತದೆ, ಕೆಲವುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆಯೇ ಅದಕ್ಕೂ ಹೋಗುತ್ತದೆ. ಮಟ್ಟ ಸರಿಯಿದ್ದು ನೊರೆ ಕಂಡರೆ ಪಂಪಿಗೆ ಎಳೆದುಕೊಳ್ಳುವ ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ ಎಂದು ಶಂಕಿಸಬೇಕು. ಫಿಲ್ಟರ್ ಕಟ್ಟಿದರೂ ಇದೇ ಸದ್ದು ಬರುತ್ತದೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಮಳೆನೀರು ಒಳಹೊಕ್ಕಿದೆ. ಮೇಲಿನಿಂದ ಸ್ವಲ್ಪ ಹೊಸ ಎಣ್ಣೆ ಸುರಿಯದೆ, ಪೂರ್ತಿ ಬಸಿದು ಫಿಲ್ಟರ್ ಸಮೇತ ಬದಲಿಸಿ, ನೀರು ಎಲ್ಲಿಂದ ಇಳಿಯಿತೆಂದು ಮುಚ್ಚಳ, ಬ್ರೀದರ್ (ಗಾಳಿಯಾಡುವ ರಂಧ್ರ) ಮತ್ತು ಗೇರ್ ಲಿವರಿನ ರಬ್ಬರನ್ನು ಪರೀಕ್ಷಿಸಿ.