ಅವಳು ಮಾತಾಡ್ತಾಳೆ ಅಂತ ಕಾದಿದ್ದೆ

ಪ್ರಶ್ನೆ: ಮೇಡಂ, ಎಲ್ರೂ ಓದು ಓದು ಅಂತ ಹಿಂದೆ ಬಿದ್ದಿದ್ದಕ್ಕೆ ಅಲೆಕ್ಸ್ ಮೈಕೆಲಿಡೀಸ್ ಬರೆದಿರೋ 'ದಿ ಸೈಲೆಂಟ್ ಪೇಷಂಟ್' ತಂದು ಎರಡೇ ರಾತ್ರೀಲಿ ಮುಗಿಸ್ದೆ. ಕೊನೇ ಟ್ವಿಸ್ಟ್‌ಗೆ ಫ್ರೆಂಡ್ಸ್ ಎಲ್ಲಾ ಬೆಚ್ಚಿಬಿದ್ರಂತೆ, ನಂಗೆ ಮಾತ್ರ ಮೋಸ ಹೋದ ಹಾಗಾಯ್ತು. ತಪ್ಪು ನಂದಾ, ಪುಸ್ತಕದ್ದಾ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮದಂತೂ ಅಲ್ಲ. (ಇನ್ನೂ ಓದದೇ ಇರೋರು ದಯವಿಟ್ಟು ಇಲ್ಲಿಗೇ ನಿಲ್ಸಿ, ಕಥೆ ಕೊನೆ ಹೇಳದೆ ಇದಕ್ಕೆ ಉತ್ತರ ಕೊಡೋಕಾಗಲ್ಲ.)

2019ರಲ್ಲಿ ಬಂದ ಈ ಕಾದಂಬರಿ ಶುರುವಾಗೋ ರೀತಿ ನಂಗೂ ತುಂಬಾ ಹಿಡಿಸ್ತು. ಪೇಂಟರ್ ಅಲಿಷಿಯಾ ಗಂಡನ ಮುಖಕ್ಕೆ ಐದು ಗುಂಡು ಹೊಡೀತಾಳೆ, ಆಮೇಲೆ ಬಾಯೇ ಬಿಡಲ್ಲ, ಲಂಡನ್ನಿನ ಮಾನಸಿಕ ಆಸ್ಪತ್ರೇಲಿರೋ ಅವಳನ್ನ ಮಾತಾಡಿಸ್ತೀನಿ ಅಂತ ಥಿಯೋ ಅನ್ನೋ ಥೆರಪಿಸ್ಟ್ ಬರ್ತಾನೆ, ಜೊತೆಗೇ ಅವನ ಹೆಂಡತಿ ಇನ್ನೊಬ್ಬನ ಹಿಂದೆ ಹೋಗೋ ಕಥೆ. ಎರಡೂ ಒಟ್ಟಿಗೇ ನಡೀತಿದೆ ಅಂದ್ಕೊಂಡು ಓದ್ತಾ ಹೋಗ್ತೀವಿ, ಕೊನೇಲಿ ನೋಡಿದ್ರೆ ಹೆಂಡತಿ ಕಥೆ ಎಷ್ಟೋ ವರ್ಷ ಹಿಂದಿಂದು, ಆ ಇನ್ನೊಬ್ಬ ಅಲಿಷಿಯಾ ಗಂಡನೇ! ಅಲಿಷಿಯಾ ಬರೆದಿಟ್ಟ ಡೈರಿಗೆ ತಾರೀಖಿದೆ, ಥಿಯೋ ಹೇಳೋ ಭಾಗಕ್ಕಿಲ್ಲ, ಅಷ್ಟೇ ಗುಟ್ಟು. ಕಥೆ ಹೇಳೋನೇ ವಿಷ್ಯ ಮುಚ್ಚಿಡೋದನ್ನ ಅಗಾಥಾ ಕ್ರಿಸ್ಟಿ 1926ರಲ್ಲೇ ಒಂದು ಪತ್ತೇದಾರಿ ಕಾದಂಬರೀಲಿ ಮಾಡಿದ್ರು, ಆದ್ರೆ ಅಲ್ಲಿ ವಾಪಸ್ ಹೋಗಿ ಓದಿದ್ರೆ ಅದೇ ವಾಕ್ಯ ಬೇರೆ ಅರ್ಥ ಕೊಡುತ್ತೆ, ಇಲ್ಲಿ ಹಾಗೆ ಮೈ ಜುಮ್ಮನ್ನಲ್ಲ. ಇನ್ನು ಡೈರಿ. ಗುಟ್ಟು ಹೊರಗೆ ಬರಬಾರದು ಅಂತ ಥಿಯೋ ಮಾರ್ಫಿನ್ ಚುಚ್ಚಿ ಹೋದ್ಮೇಲೆ ಮಂಪರಲ್ಲೇ ಅವಳು ಕೊನೇ ಪುಟ ಬರೀತಾಳೆ, ಅದನ್ನ ನಂಬೋಕೆ ನನ್ ಕೈಲಾಗ್ಲಿಲ್ಲ.

ಆದ್ರೆ ನಂಗೆ ನಿಜವಾಗ್ಲೂ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಕೊಲೆ ಆದ್ಮೇಲೆ ಅವಳು ಬರೆಯೋ ಪೇಂಟಿಂಗ್ ಹೆಸ್ರು 'ಆಲ್ಸೆಸ್ಟಿಸ್', ಯೂರಿಪಿಡೀಸ್‌ನ ಗ್ರೀಕ್ ನಾಟಕದ್ದು. ಗಂಡನ ಬದಲು ತಾನು ಸಾಯೋಕೆ ಒಪ್ಪಿದ ಹೆಂಡತಿ ಆ ಆಲ್ಸೆಸ್ಟಿಸ್, ಗ್ರೀಕ್ ವೀರ ಹೆರಾಕ್ಲಿಸ್ ಸಾವಿನ ಬಾಯಿಂದ ಬಿಡಿಸ್ಕೊಂಡು ತಂದು ನಿಲ್ಲಿಸಿದ್ರೂ ಗಂಡನ ಎದುರು ತುಟಿ ಬಿಚ್ಚಲ್ಲ. ನಮ್ಮ ಸಾವಿತ್ರಿ ಯಮನ ಜೊತೆ ಮಾತಾಡಿ ಮಾತಾಡೇ ಗಂಡನ್ನ ಉಳಿಸ್ಕೊಂಡ್ಲು, ಇವಳು ಉಳಿಸಿ ಬಂದು ಮೌನ ಆಗ್ತಾಳೆ! ಕಾದಂಬರೀಲೂ ಕೊಲೆ ನಡೆದ ರಾತ್ರಿ ಮುಸುಕು ಹಾಕ್ಕೊಂಡು ಅಲಿಷಿಯಾ ಮನೆಗೆ ನುಗ್ಗಿದ ಥಿಯೋ ಇಬ್ರಲ್ಲಿ ಯಾರು ಸಾಯ್ಬೇಕು ಅಂತ ಕೇಳಿದಾಗ ಗಂಡ ತನ್ನ ಜೀವಾನೇ ಆರಿಸ್ಕೊಂತಾನೆ, ಕಟ್ಟಿಹಾಕಿಸ್ಕೊಂಡಿದ್ದ ಅಲಿಷಿಯಾ ಅದನ್ನ ಕಿವಿಯಾರೆ ಕೇಳ್ತಾಳೆ. ಆ ಒಂದು ಕ್ಷಣಕ್ಕೇ ಇಡೀ ಪುಸ್ತಕ ಬರೀಬಹುದಿತ್ತು. ಲೇಖಕರು ಅದನ್ನ ಕೆಲವೇ ಪುಟದಲ್ಲಿ ಮುಗಿಸಿ ಮತ್ತೆ ಥಿಯೋ ಹಿಂದೆ ಓಡ್ತಾರೆ, ಅವಳು ಬಾಯಿ ಬಿಟ್ಟ ಸ್ವಲ್ಪ ಹೊತ್ತಿಗೇ ಇಂಜೆಕ್ಷನ್ ಕೊಟ್ಟು ಮಲಗಿಸ್ಬಿಡ್ತಾರೆ.

ಫ್ರೆಂಡ್ಸ್ ಸಿಕ್ಕಾಗ ಟ್ವಿಸ್ಟ್ ವಿಷ್ಯ ಬಿಡಿ, ಆ ಸೀನಲ್ಲಿ ಅಲಿಷಿಯಾಗೆ ಏನಾಯ್ತು ಅಂತ ಕೇಳಿ ನೋಡಿ.